ಹೋದವರ ಲೆಕ್ಕ

ಸಭೆ ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ಹಿಂದಿನ ಸಾಲಿನಲ್ಲಿ, ನನ್ನಿಂದ ಒಂದು ಕುರ್ಚಿಯಾಚೆ ಕುಳಿತಿದ್ದ ಹಿರಿಯ ಹೆಂಗಸು ಎದ್ದು ಮೈಕಿಗೆ ಕೈಚಾಚಿದರು. "ಎರಡು ಗಂಟೆಯಿಂದ ನೀವು ಮೂವರೂ ಬರುವವರ ವಿಷಯವನ್ನೇ ಮಾತನಾಡುತ್ತಿದ್ದೀರಿ. ನನಗೆ ಮೂವರು ಮಕ್ಕಳು. ಮೂವರೂ ಊರು ಬಿಟ್ಟು ಹೋದರು. ಹೋದವರ ಲೆಕ್ಕ ಯಾರು ಇಟ್ಟಿದ್ದೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುಳಿತುಬಿಟ್ಟರು. ನಮ್ಮಿಬ್ಬರ ನಡುವೆ ಕುಳಿತಿದ್ದವಳು ಅವರ ಕಿರಿಯ ಮಗಳು, ನನ್ನ ಸಹೋದ್ಯೋಗಿ. ಅವಳು ಕೈಚೀಲದ ಜಿಪ್ಪನ್ನು ತೆರೆಯುತ್ತ ಮುಚ್ಚುತ್ತ ನೆಲ ನೋಡುತ್ತಿದ್ದಳು.

ಅದು 2025ರ ಮಾರ್ಚ್ ತಿಂಗಳ ಒಂದು ಶನಿವಾರ. ಊರು ಗೊರ್ಲಿಟ್ಸ್, ಜರ್ಮನಿಯ ಪೂರ್ವದ ತುತ್ತತುದಿ. ಊರಂಚಿಗೆ ನೈಸೆ ನದಿ ಹರಿಯುತ್ತದೆ, ಸೇತುವೆ ದಾಟಿದರೆ ಪೋಲೆಂಡ್. 1945ರವರೆಗೆ ಎರಡೂ ದಡ ಸೇರಿ ಒಂದೇ ಊರಾಗಿತ್ತು. ಯುದ್ಧ ಮುಗಿದ ಮೇಲೆ ನದಿಯೇ ಗಡಿಯಾಯಿತು, ಆಚೆ ದಡದ ಪಾಲಿಗೆ ಜ್ಗೊಜೆಲೆತ್ಸ್ ಎಂಬ ಪೋಲಿಷ್ ಹೆಸರು ಬಂತು.

ನಾನು ಡ್ರೆಸ್ಡೆನ್‌ನ ಒಂದು ಚಿಪ್ ಕಂಪನಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಊರು ಕೊಪ್ಪದ ಹತ್ತಿರ, ಅಡಿಕೆ ತೋಟದ ಮನೆ. ಫೆಬ್ರವರಿ 23ರಂದು ಇಲ್ಲಿ ಸಂಸತ್ತಿನ ಚುನಾವಣೆ ನಡೆದಾಗ, ಸಂಜೆ ಆರಕ್ಕೆ ಸರಿಯಾಗಿ ಬರುವ ಮತಗಟ್ಟೆ ಸಮೀಕ್ಷೆ ನೋಡಲು ನಾಲ್ಕಾರು ಮಂದಿ ಒಬ್ಬರ ಮನೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ಕಪ್ಪು, ನೀಲಿ, ಕೆಂಪು ಕಂಬಗಳು ಮೇಲೇರಿದವು. ಕ್ರಿಶ್ಚಿಯನ್ ಡೆಮಾಕ್ರಟರ ಕೂಟಕ್ಕೆ ಶೇ 28.5, ವಲಸೆ ವಿರೋಧವನ್ನೇ ಉಸಿರಾಗಿಸಿಕೊಂಡ, ನೀಲಿ ಬಣ್ಣದ ಎಎಫ್‌ಡಿ ಪಕ್ಷಕ್ಕೆ ಶೇ 20.8. ನಾಲ್ಕು ವರ್ಷದ ಹಿಂದೆ ಅದಕ್ಕೆ ಬಂದಿದ್ದು ಶೇ 10.4. ಮತ ಹಾಕಿದವರ ಪ್ರಮಾಣ ಶೇ 82.5, ಪೂರ್ವ, ಪಶ್ಚಿಮ ಜರ್ಮನಿ ಒಂದಾದ ಮೇಲೆ ಇಷ್ಟು ಜನ ಎಂದೂ ಮತಗಟ್ಟೆಗೆ ಬಂದಿರಲಿಲ್ಲ. ರಾತ್ರಿ ನಕ್ಷೆ ತೋರಿಸಿದಾಗ ಬರ್ಲಿನ್ ಮತ್ತು ಕೆಲವು ನಗರಗಳನ್ನು ಬಿಟ್ಟು ಹಳೆಯ ಪೂರ್ವ ಜರ್ಮನಿ ಬಹುತೇಕ ನೀಲಿ. ಗೊರ್ಲಿಟ್ಸ್ ಕ್ಷೇತ್ರದಲ್ಲಿ ಆ ಪಕ್ಷಕ್ಕೆ ಶೇ 45ಕ್ಕೂ ಹೆಚ್ಚು ಮತ ಬಿದ್ದಿತ್ತು. ನನ್ನ ಸಹೋದ್ಯೋಗಿ ತಟ್ಟೆ ಕೆಳಗಿಟ್ಟು, "ಅಲ್ಲಿ ನನ್ನ ಅಮ್ಮ ಇದ್ದಾಳೆ" ಎಂದಳು. ಮುಂದಿನ ತಿಂಗಳು ಅಲ್ಲಿ ರಾಜ್ಯಶಾಸ್ತ್ರಜ್ಞರ ಚರ್ಚೆಯಿದೆ ಎಂದು ತಿಳಿದಾಗ, "ನೀನೂ ಬಾ, ಒಬ್ಬಳೇ ಹೋಗಲು ಮನಸ್ಸಿಲ್ಲ" ಎಂದು ಕರೆದಳು.

ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ನಡುವೆ ಬೌಟ್ಸೆನ್ ನಿಲ್ದಾಣದಲ್ಲಿ ಊರಿನ ಹೆಸರು ಎರಡು ಭಾಷೆಯಲ್ಲಿದೆ, ಜರ್ಮನ್ ಮತ್ತು ಸೋರ್ಬಿಯನ್. ಜರ್ಮನಿಯೊಳಗೇ ಇರುವ ಈ ಪುಟ್ಟ ಸ್ಲಾವಿಕ್ ಭಾಷೆಯ ಫಲಕ ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಚರ್ಚೆ ಚೆನ್ನಾಗಿಯೇ ನಡೆಯಿತು. ವೇದಿಕೆಯ ಮೇಲೆ ಇಬ್ಬರು ಜರ್ಮನರು, ನದಿಯಾಚೆಯಿಂದ ಬಂದ ಒಬ್ಬ ಪೋಲಿಷ್ ಪ್ರಾಧ್ಯಾಪಕಿ. ಮೊದಲನೆಯವರು ಚುನಾವಣೆಗೆ ಮುಂಚಿನ ದಿನಗಳನ್ನು ಬಿಡಿಸಿಟ್ಟರು. ಡಿಸೆಂಬರ್‌ನಲ್ಲಿ ಮಾಗ್ಡೆಬುರ್ಗ್, ಜನವರಿಯಲ್ಲಿ ಅಶಾಫೆನ್‌ಬುರ್ಗ್, ಫೆಬ್ರವರಿಯಲ್ಲಿ ಮ್ಯೂನಿಕ್. ಮೂರೂ ಕಡೆ ಹೊರದೇಶದಿಂದ ಬಂದವರು ನಡೆಸಿದ ದಾಳಿ, ಮೂರೂ ಕಡೆ ಮಕ್ಕಳ ಸಾವು. ಜನವರಿ 29ರಂದು ಕ್ರಿಶ್ಚಿಯನ್ ಡೆಮಾಕ್ರಟರ ನಾಯಕ ಫ್ರೀಡ್ರಿಷ್ ಮೆರ್ತ್ಸ್ ಅವರ ಪಕ್ಷ ಸಂಸತ್ತಿನಲ್ಲಿ ವಲಸೆಯನ್ನು ಬಿಗಿಗೊಳಿಸುವ ನಿರ್ಣಯ ಮಂಡಿಸಿತು. ಎಎಫ್‌ಡಿ ಮತಗಳ ಬಲದಿಂದ ಅದು ಕೆಲವೇ ಮತಗಳ ಅಂತರದಲ್ಲಿ ಗೆದ್ದಿತು. ಆ ಪಕ್ಷವನ್ನು ದೂರವಿಡುತ್ತೇವೆಂದು ಉಳಿದವರೆಲ್ಲ ಕಟ್ಟಿಕೊಂಡಿದ್ದ ಗೋಡೆ ಅಂದು ಬಿರುಕು ಬಿಟ್ಟಿತು. ಕಠಿಣ ಮಾತನ್ನು ತಾವೂ ಆಡಿದರೆ ಮತದಾರರು ಮರಳುತ್ತಾರೆಂದು ಮಧ್ಯಮ ಮಾರ್ಗದ ಪಕ್ಷಗಳು ನಂಬುತ್ತವೆ, ಯುರೋಪಿನಲ್ಲಿ ನಡೆದ ಅಧ್ಯಯನಗಳು ಆ ನಂಬಿಕೆಗೆ ಆಧಾರ ಕೊಡುವುದಿಲ್ಲ ಎಂದರು ಅವರು. ಎದುರಾಳಿಯ ವಿಷಯವನ್ನೇ ಊರೆಲ್ಲ ಮಾತನಾಡುವಂತೆ ಮಾಡಿದರೆ ಲಾಭ ಎದುರಾಳಿಗೇ. ಈ ಮಾತು ನನಗೆ ಸರಿಯೆನ್ನಿಸಿತು, ಈಗಲೂ ಸರಿಯೆನ್ನಿಸುತ್ತದೆ.

ಎರಡನೆಯವರು ಒಗಟಿನಂತಿದ್ದ ಸಂಗತಿಯೊಂದನ್ನು ಮುಂದಿಟ್ಟರು. ಗೊರ್ಲಿಟ್ಸ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ವಿದೇಶಿಯರ ಪಾಲು ದೇಶದ ಸರಾಸರಿಗಿಂತ ಬಹಳ ಕಡಿಮೆ. ಆದರೂ ವಲಸೆಯ ಸಿಟ್ಟು ಇಲ್ಲೇ ಹೆಚ್ಚು. ಅವರು ಅದನ್ನು ಹಳೆಯ ಕಮ್ಯುನಿಸ್ಟ್ ವ್ಯವಸ್ಥೆಯ ಉಳಿಕೆ ಎಂದರು, ಪ್ರಜಾಪ್ರಭುತ್ವದ ಅಭ್ಯಾಸ ಸಾಲದು ಎಂದರು. ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮೂವತ್ತೈದು ವರ್ಷದಿಂದ ಮತ ಹಾಕುತ್ತಿರುವವರ ಮುಖಕ್ಕೆ ಹೀಗೆ ಹೇಳುವುದು ನನಗೂ ಹಿಡಿಸಲಿಲ್ಲ.

ಆಗಲೇ ಆ ತಾಯಿ ಎದ್ದು ಕೇಳಿದ್ದು. ಉತ್ತರ ಕೊಟ್ಟವರು ಪೋಲಿಷ್ ಪ್ರಾಧ್ಯಾಪಕಿ. ಅವರು ಮೊದಲು "ನೀವು ಕೇಳಿದ್ದೇ ಇವತ್ತಿನ ಮುಖ್ಯ ಪ್ರಶ್ನೆ" ಎಂದು ಒಪ್ಪಿಕೊಂಡರು. ಆಮೇಲೆ ಅಂಕಿಗಳನ್ನು ಹೇಳಿದರು. 1991ರಿಂದ 2017ರವರೆಗೆ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಹೋದವರು 36 ಲಕ್ಷಕ್ಕೂ ಹೆಚ್ಚು. ಅತ್ತಣಿಂದ ಇತ್ತ ಬಂದವರನ್ನು ಸೇರಿಸಿಕೊಂಡು ನೋಡಿದರೂ 12 ಲಕ್ಷ ಜನ ಖೋತಾ. ಹೋದವರಲ್ಲಿ ಎಳೆಯರೇ ಹೆಚ್ಚು, ಓದಿದವರು ಹೆಚ್ಚು, ಅದರಲ್ಲೂ ಹೆಣ್ಣುಮಕ್ಕಳು ಹೆಚ್ಚು. ಹಳ್ಳಿಗಾಡಿನ ಜಿಲ್ಲೆಗಳಲ್ಲಿ ಮದುವೆಯ ವಯಸ್ಸಿನ ಗಂಡಸರು ಉಳಿದರು, ಹೆಣ್ಣುಮಕ್ಕಳು ಉಳಿಯಲಿಲ್ಲ. ಪೂರ್ವ ಯುರೋಪಿನ ಬಲ್ಗೇರಿಯದಲ್ಲೂ ಹೀಗೇ, 1980ರ ದಶಕದ ಕೊನೆಗೆ 90 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2021ರ ಜನಗಣತಿಯಲ್ಲಿ 65 ಲಕ್ಷಕ್ಕೆ ಇಳಿದಿತ್ತು. ಇಂಥ ಊರುಗಳಲ್ಲಿ ಶಾಲೆ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ, ವೈದ್ಯರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಅಲ್ಲಿ ಉಳಿದವರಿಗೆ ತಮ್ಮ ಕಾಲಾನಂತರ ಊರು ಇರುತ್ತದೋ ಇಲ್ಲವೋ ಎಂಬ ಭಯ ಹತ್ತುತ್ತದೆ. ಆ ಭಯಕ್ಕೆ ಹೊರಗಿನಿಂದ ಬಂದವನ ಮುಖ ಅಂಟಿಸುವುದು ಸುಲಭ ಎಂದರು.

ಈ ಮಾತು ನನಗೆ ನಾಟಿತು. ಕಾರಣ, ಹಾಗೆ ಊರು ಬಿಟ್ಟ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ನಮ್ಮ ಹಳ್ಳಿಯಲ್ಲಿ ನನ್ನ ಓರಗೆಯ ಹುಡುಗಿಯರು ಏಳು ಜನ. ಒಬ್ಬಳೂ ಈಗ ಅಲ್ಲಿಲ್ಲ. ತೋಟ ನೋಡಿಕೊಂಡು ಉಳಿದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ರೈತ ಯುವಕರು ತಮಗೆ ಮದುವೆಯಾಗಲಿ ಎಂದು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಎಷ್ಟೋ ಜನ ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ. ಅದೇ ಸಂಗತಿಯನ್ನು ಏಳು ಸಾವಿರ ಕಿಲೋಮೀಟರ್ ದೂರದ ಸಭೆಯಲ್ಲಿ, ಬೇರೆ ಭಾಷೆಯಲ್ಲಿ ಕೇಳುವೆನೆಂದು ಎಣಿಸಿರಲಿಲ್ಲ.

ಸಭೆಯ ನಂತರ ಆ ತಾಯಿಯ ಮನೆಗೆ ಹೋದೆವು. ಹಳೆಯ ಕಾಲದ ಭವ್ಯ ಕಟ್ಟಡ, ಮೂರನೆಯ ಮಹಡಿ. ಮೆಟ್ಟಿಲು ಹತ್ತುವಾಗ ಅವರು ಒಂದೊಂದು ಬಾಗಿಲಿನ ಮುಂದೆ ನಿಂತು ಹೇಳುತ್ತ ಹೋದರು: ಇದು ಖಾಲಿ, ಇದರಲ್ಲಿ ಪೋಲಿಷ್ ದಂಪತಿ, ಇದು ಖಾಲಿ. 1980ರ ದಶಕದ ಕೊನೆಯಲ್ಲಿ ಊರಿನ ಜನಸಂಖ್ಯೆ 75 ಸಾವಿರ ದಾಟಿತ್ತು, ಈಗ 60 ಸಾವಿರಕ್ಕಿಂತ ಕಡಿಮೆ. ಬಂದು ಕೆಲವು ವಾರ ಬಾಡಿಗೆಯಿಲ್ಲದೆ ಇದ್ದು ನೋಡಿ, ಹಿಡಿಸಿದರೆ ಉಳಿಯಿರಿ ಎಂದು ಹೊರಗಿನವರನ್ನು ಕರೆಯುವ ಯೋಜನೆಯೇ ಈ ಊರಿನಲ್ಲಿ ನಡೆದಿದೆ. ಅವರ ಗಂಡ ದುಡಿಯುತ್ತಿದ್ದ ರೈಲು ಬೋಗಿ ಕಾರ್ಖಾನೆಯಲ್ಲಿ 1849ರಿಂದ ಬೋಗಿ ಕಟ್ಟುತ್ತಿದ್ದರು. ಚುನಾವಣೆಗೆ ಎರಡೂವರೆ ವಾರ ಮುಂಚೆಯಷ್ಟೇ ಅದು ಯುದ್ಧಟ್ಯಾಂಕ್ ಮಾಡುವ ಕಂಪನಿಯ ಕೈಗೆ ಹೋಗುವುದೆಂದು ಪ್ರಕಟವಾಗಿತ್ತು.

ಅಡುಗೆಮನೆಯ ಮೇಜಿನ ಮೇಲೆ ಮೂರು ಕಪ್ ಕಾಫಿ, ಗಸಗಸೆಯ ಕೇಕು. ಕೇಕು ಕತ್ತರಿಸುತ್ತಲೇ ಅವರು, "ನಾನು ನೀಲಿ ಪಕ್ಷಕ್ಕೆ ಹಾಕಿದೆ. ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ" ಎಂದರು. ಮಗಳು ಎದ್ದು ಕಿಟಕಿಯ ಹತ್ತಿರ ಹೋದಳು. ನನಗೆ ಹೊಟ್ಟೆಯೊಳಗೆ ಕಲ್ಲಿಟ್ಟಂತಾಯಿತು.

ಡ್ರೆಸ್ಡೆನ್‌ನಲ್ಲಿ ಜೋರ್ಗೆ ಗೊಮೊಂಡಾಯ್ ಹೆಸರಿನ ಒಂದು ಚೌಕವಿದೆ. ಮೊಜಾಂಬಿಕ್‌ನಿಂದ ಕೆಲಸಕ್ಕೆ ಬಂದಿದ್ದ ಆ ತರುಣನ ಮೇಲೆ 1991ರಲ್ಲಿ ಟ್ರಾಮಿನೊಳಗೆ ಹಲ್ಲೆಯಾಯಿತು, ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ವಯಸ್ಸು 28. ರಾತ್ರಿ ಪಾಳಿ ಮುಗಿಸಿ ಟ್ರಾಮ್ ಹತ್ತುವಾಗ ನನಗೆ ಆತನ ನೆನಪಾಗುತ್ತದೆ. ಊರು ಖಾಲಿಯಾದ ದುಃಖ ಅರ್ಥವಾಗುತ್ತದೆ, ಆದರೆ ನೀವು ಮತ ಹಾಕಿದ ಪಕ್ಷ ಗೆದ್ದು ಬಂದರೆ ನಾನು ಟ್ರಾಮಿನಲ್ಲಿ ಯಾವ ಸೀಟಿನಲ್ಲಿ ಕೂರಬೇಕೆಂದು ಯೋಚಿಸಬೇಕಾಗುತ್ತದೆ ಎಂದು ನಾನು ಅವರಿಗೆ ಹೇಳಿದೆ. ದನಿ ನಡುಗುತ್ತಿತ್ತು. "ನಿಮ್ಮಂಥವರ ವಿಷಯವಲ್ಲ" ಎನ್ನಲು ಹೊರಟವರು ಅರ್ಧಕ್ಕೇ ನಿಂತರು. ಚಾಕು ಕೆಳಗಿಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಯರ್ಸ್ವೆರ್ಡಾದಲ್ಲಿ ವಿದೇಶಿ ಕಾರ್ಮಿಕರ ವಸತಿಗೆ ಕಲ್ಲು ತೂರಿದ್ದನ್ನು, ಸುತ್ತ ನಿಂತವರು ಚಪ್ಪಾಳೆ ತಟ್ಟಿದ್ದನ್ನು ಟಿವಿಯಲ್ಲಿ ನೋಡಿ ತಾನು ಅತ್ತಿದ್ದೆ ಎಂದರು. ಆಮೇಲೆ, "2019ರಲ್ಲಿ ನಾನು ಉರ್ಸು ಅವರಿಗೇ ಹಾಕಿದ್ದೆ" ಎಂದರು.

ಒಕ್ಟಾವಿಯನ್ ಉರ್ಸು ಆಗ ಈ ಊರಿನ ಮೇಯರ್. ಹುಟ್ಟಿದ್ದು ರೊಮೇನಿಯದ ಬುಖಾರೆಸ್ಟ್‌ನಲ್ಲಿ, 1990ರಲ್ಲಿ ಇಲ್ಲಿಯ ವಾದ್ಯವೃಂದಕ್ಕೆ ಟ್ರಂಪೆಟ್ ನುಡಿಸಲು ಬಂದವರು. 2019ರ ಎರಡನೆಯ ಸುತ್ತಿನಲ್ಲಿ ಎಎಫ್‌ಡಿ ಅಭ್ಯರ್ಥಿಯನ್ನು ಶೇ 55ರಷ್ಟು ಮತ ಪಡೆದು ಸೋಲಿಸಿದರು. ಹೊರಗಿನಿಂದ ಬಂದವನನ್ನೇ ಮೇಯರ್ ಮಾಡಿದ ಊರು ಇದು. ಅದೇ ಕೈಗಳು ಆರು ವರ್ಷದಲ್ಲಿ ನೀಲಿಗೆ ಹೊರಳಿದ್ದು ಹೇಗೆ ಎಂದು ಆ ತಾಯಿಯನ್ನೇ ಕೇಳಿದೆ. "ಅವರು ಇಲ್ಲೇ ಉಳಿದರು" ಎಂದರು. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ. ನಾನು ಒತ್ತಾಯಿಸಲಿಲ್ಲ. ಅವರ ಮತವನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ನಿಮ್ಮ ಅಮ್ಮನ ಹತ್ತಿರ ಯಾರಿದ್ದಾರೆ?"

ಅಪ್ಪಯ್ಯ, ಅಮ್ಮ, ಒಂದು ನಾಯಿ ಎಂದೆ. ತೋಟದ ಕೆಲಸಕ್ಕೆ? ಅಸ್ಸಾಮಿನಿಂದ ಬಂದ ಎರಡು ಕುಟುಂಬ ಎಂದೆ. ಹೇಳಿದ ಮೇಲೆ ಗಂಟಲು ಕಟ್ಟಿತು. ಹೋದ ಸಲ ಊರಿಗೆ ಹೋದಾಗ ಅಪ್ಪಯ್ಯ ಜಗಲಿಯಲ್ಲಿ ಕುಳಿತು ಪಕ್ಕದ ಮನೆಯವರೊಡನೆ, ಅಸ್ಸಾಮಿನವರು ನಿಜವಾಗಿ ಎಲ್ಲಿಯವರೋ ಏನೋ, ಆಧಾರ್ ಕಾರ್ಡ್ ನಂಬುವ ಹಾಗಿಲ್ಲ, ದಿನಕ್ಕೊಂದು ಹೊಸ ಮುಖ ಪೇಟೆಯಲ್ಲಿ ಕಾಣುತ್ತದೆ ಎನ್ನುತ್ತಿದ್ದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ಔಷಧಿ ಹೊಡೆಯಲು ನಿಂತವರು ಆ ಅಸ್ಸಾಮಿನವರೇ. ನಾನು ಅಂದು ಕಾಫಿ ಕುಡಿಯುತ್ತ ಸುಮ್ಮನಿದ್ದೆ. ಗೊರ್ಲಿಟ್ಸ್‌ನ ಅಡುಗೆಮನೆಯಲ್ಲಿ ತೋರಿದ ಧೈರ್ಯ ನಮ್ಮ ಜಗಲಿಯಲ್ಲಿ ಬಂದಿರಲಿಲ್ಲ.

ಸಂಜೆಯ ರೈಲಿಗೆ ಅವರು ನಿಲ್ದಾಣದವರೆಗೆ ಬಂದರು. ಮಗಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನ್ನ ಕೈಗೆ ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಜರ್ಮನ್ ಪೌರತ್ವದ ಅರ್ಜಿ ನನ್ನ ಮೇಜಿನ ಖಾನೆಯಲ್ಲಿ ಅರ್ಧ ತುಂಬಿಸಿಟ್ಟು ಒಂದು ವರ್ಷವಾಗುತ್ತಾ ಬಂದಿತ್ತು. ಐದು ವರ್ಷ ವಾಸವಿದ್ದರೆ ಸಾಕು, ಹಳೆಯ ಪೌರತ್ವ ಬಿಡಬೇಕಿಲ್ಲ ಎಂದು ಇಲ್ಲಿಯ ಕಾನೂನು 2024ರ ಜೂನ್‌ನಲ್ಲಿ ಬದಲಾಗಿದೆ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಲ್ಲಿ ಮತ ಬೇಕಿದ್ದರೆ ಅಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಪಾಸ್‌ಪೋರ್ಟ್ ಇಟ್ಟುಕೊಂಡರೂ ಮತ ಹಾಕಲು ವಿಮಾನ ಹತ್ತಿ ಊರಿಗೇ ಹೋಗಬೇಕು.

ಮರುದಿನ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಗೊರ್ಲಿಟ್ಸ್‌ನ ಕಥೆಯೆಲ್ಲ ಹೇಳಬೇಕೆಂದುಕೊಂಡಿದ್ದೆ, ಅವಳೇ ಮೊದಲು ಮಾತು ತೆಗೆದಳು. ಅಂಗನವಾಡಿ ಟೀಚರ್ ಮತದಾರರ ಪಟ್ಟಿ ಹಿಡಿದುಕೊಂಡು ಬಂದಿದ್ದರಂತೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಮಗಳು ಇಲ್ಲಿ ಇಲ್ಲವಲ್ಲ ಅಮ್ಮಾ, ಹೊಡೆದುಹಾಕಲಾ?" ಎಂದು ಕೇಳಿದರಂತೆ.

"ನೀನು ಏನೆಂದೆ?"

"ಇರಲಿ ಬಿಡಿ, ಬರುತ್ತಾಳೆ ಎಂದೆ" ಎಂದಳು ಅಮ್ಮ. ಆಮೇಲೆ, ಅಲ್ಲಿ ಇನ್ನೂ ಚಳಿ ಇದೆಯೇ ಎಂದು ಕೇಳಿದಳು.