ಕೊಡಗಿನಲ್ಲಿ ಹಳೇ ರೈಲ್ವೆ ಸ್ಟೇಷನ್ ಎಲ್ಲಿಂದ ತರಲಿ?

ಸುಂಟಿಕೊಪ್ಪದ ಹತ್ತಿರ ನನ್ನದೊಂದು ಪುಟ್ಟ ಕಾಫಿ ಅಂಗಡಿ ಇದೆ. ವಾರಕ್ಕೊಬ್ಬರಾದರೂ ಮೊಬೈಲ್ ತೆಗೆದು ಇಂಗ್ಲೆಂಡಿನ ಫೋಟೊ ತೋರಿಸುತ್ತಾರೆ. ಮುಚ್ಚಿದ ಹಳ್ಳಿ ಸ್ಟೇಷನ್, ಪ್ಲಾಟ್‌ಫಾರ್ಮ್ ಮೇಲೆ ಮೇಜು, ಕುಂಡದಲ್ಲಿ ಹೂವು. "ನೀವೂ ಹೀಗೆ ಹಳೇ ಸ್ಟೇಷನ್‌ನಲ್ಲಿ ಕೆಫೆ ಮಾಡಬಹುದಲ್ವಾ ಸಾರ್?"

ಮಾಡಬಹುದಿತ್ತು. ಆದರೆ ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ! ನಾವು ರೈಲು ಹತ್ತಬೇಕಂದ್ರೆ ಮೈಸೂರಿಗೋ ಹಾಸನಕ್ಕೋ ಹೋಗಬೇಕು. ವಿರಾಜಪೇಟೆ ಕಡೆಯವರು ಘಟ್ಟ ಇಳಿದು ತಲಶ್ಶೇರಿಗೋ ಕಣ್ಣೂರಿಗೋ ಹೋಗುತ್ತಾರೆ. ಮೈಸೂರು–ಕುಶಾಲನಗರ ಲೈನಿನ ಮಾತು ಆಗಾಗ ಏಳುತ್ತೆ, ಮತ್ತೆ ಮಲಗುತ್ತೆ. ಈಗಲೇ ಸ್ಟೇಷನ್ ಕೆಫೆ ಅಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಇನ್ನೊಂದು ವಿಷಯ. ಸ್ಟೇಷನ್ ಇದ್ದ ಮಾತ್ರಕ್ಕೆ ಕಾಫಿ ಖರ್ಚಾಗಲ್ಲ. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಜಾಸ್ತಿ ಸ್ಟೇಷನ್ ಮುಚ್ಚಿ ಅಂತ ಹೇಳಿತು. ಡರ್ಬಿಶೈರ್‌ನಲ್ಲಿ 1968ರಲ್ಲಿ ನಿಂತುಹೋದ ಒಂದು ಲೈನು ಈಗ ಮಾನ್ಸಲ್ ಟ್ರೈಲ್ ಅನ್ನುವ ಕಾಲುದಾರಿ. ಅದರ ಪಕ್ಕದ ಹ್ಯಾಸಪ್ ಸ್ಟೇಷನ್‌ನಲ್ಲಿ ಕೆಫೆ ಇದೆ, ಬಾಡಿಗೆ ಸೈಕಲ್ಲೂ ಸಿಗುತ್ತೆ. ನಡೆದು, ಸೈಕಲ್ ತುಳಿದು ಸುಸ್ತಾದವರು ತಾವಾಗಿಯೇ ಬಂದು ಕೂರುತ್ತಾರೆ. ನಮ್ಮ ರಾಜ್ಯದಲ್ಲಿ ಹಾಗೆ ಆಗುವುದಿದ್ದರೆ ಚಿಕ್ಕಬಳ್ಳಾಪುರ ಲೈನಿನ ನಂದಿ ಹಾಲ್ಟ್‌ನಂಥ ಕಡೆ ಆಗಬೇಕು. ಬೆಟ್ಟ ಹತ್ತಿಳಿದವರಿಗೆ ಹಸಿವು ಇದ್ದೇ ಇರುತ್ತೆ.

ನನಗೆ ಸಿಕ್ಕಿದ್ದು ಹಳೇ ಕಾಫಿ ಗೋದಾಮು. ಹೆಂಚಿನ ಮಾಡು, ದಪ್ಪ ಗೋಡೆ, ಚೀಲ ಹೊತ್ತವರು ಬಗ್ಗದೆ ಒಳಗೆ ನುಗ್ಗುವಂಥ ಬಾಗಿಲು. ಮುಂದಿನ ಕಣವೇ ನನ್ನ ಪ್ಲಾಟ್‌ಫಾರ್ಮು. ಜನವರಿಯಲ್ಲಿ ಅಲ್ಲಿ ಚೆರಿ, ಅಂದರೆ ಕಾಫಿ ಹಣ್ಣು, ಒಣಗುತ್ತೆ, ಆಗ ಮೇಜಿಗೆ ಜಾಗ ಇಲ್ಲ. ಇಡೀ ಅಂಗಡಿಗೆ ಹುಳಿಹುಳಿ ವಾಸನೆ. ಕೆಲವರು ಮೂಗು ಮುಚ್ಚುತ್ತಾರೆ, ನನಗಂತೂ ಇಷ್ಟ.

ಮೊದಲ ಮಳೆಗಾಲ ಮಾತ್ರ ಮರೆಯಲ್ಲ. ಜುಲೈಯಲ್ಲಿ ಗೋಡೆ ಬೆವರಿತು. ಕುರ್ಚಿಯ ಕಾಲಿಗೆಲ್ಲ ಬೂಷ್ಟು. ಮೂರು ದಿನ ಕರೆಂಟಿಲ್ಲ. ಒಂದು ದಿನ ಬರೀ ನಾಲ್ಕು ಲೋಟ ಕಾಫಿ ಹೋಯಿತು, ಅದರಲ್ಲಿ ಎರಡು ನಾನೇ ಕುಡಿದಿದ್ದು.

ಆ ದಿನ ಸುಮ್ನೆ ಕೂತು ನೋಡುತ್ತಿದ್ದಾಗ ಎದುರಿನ ಬಸ್ ತಂಗುದಾಣ ಕಣ್ಣಿಗೆ ಬಿತ್ತು. ಸೂರು ಸೋರುತ್ತಿತ್ತು. ಏಳೆಂಟು ಜನ ಒಳಗೇ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಮರುದಿನವೇ ಜಗಲಿಗೆ ಉದ್ದನೆಯ ಬೆಂಚು ಹಾಕಿಸಿದೆ. ಪಕ್ಕದಲ್ಲಿ ಒಂದು ಸ್ಲೇಟು: ಮಡಿಕೇರಿ ಬಸ್ಸು ಎಷ್ಟಕ್ಕೆ, ಮಾದಾಪುರ–ಸೋಮವಾರಪೇಟೆ ಬಸ್ಸು ಎಷ್ಟಕ್ಕೆ. ಕಾಫಿ ಕುಡಿಯಲೇಬೇಕು ಅಂತೇನಿಲ್ಲ, ಆದರೆ ಆ ಚಳಿಯಲ್ಲಿ ಡಿಕಾಕ್ಷನ್ ಘಮ ಬಂದರೆ ಯಾರು ಬಿಡ್ತಾರೆ?

ಬಸ್ಸು ತಡವಾದಷ್ಟೂ ನನಗೆ ವ್ಯಾಪಾರ ಜಾಸ್ತಿ. ಡ್ರೈವರಣ್ಣನಿಗೂ ದಿನಾ ಒಂದು ಲೋಟ ಕೊಡುತ್ತೇನೆ. ದುಡ್ಡು ಬೇಡ, ನಿಧಾನಕ್ಕೆ ಕುಡಿದರೆ ಸಾಕು.