ಬೋರ್ಡೋ ಟ್ರಾಮ್ ಮಾದರಿ: ಫ್ಯೂಸ್ ಯಾಕೆ ಹೋಗ್ತಿತ್ತು ಅಂತ ಗೊತ್ತಾಯ್ತು

ಇವತ್ತು ಕರೆಂಟ್ ಪಟ್ಟಿಯ ಐದು ತುಂಡುಗಳ ಮೇಲೆ ನನ್ನ ಮಾದರಿ ಟ್ರಾಮ್ ಎಲ್ಲೂ ನಿಲ್ಲದೆ ಓಡಿತು. ಮೂರು ಭಾನುವಾರ ಹಿಡಿಯಿತು. ತುಂಬಾ ಖುಷಿಯಾಗಿದೆ.

ಹಿಂದಿನ ಟಿಪ್ಪಣಿ ಓದದವರಿಗೆ ಸ್ವಲ್ಪ ಹಿನ್ನೆಲೆ. ಫ್ರಾನ್ಸಿನ ಬೋರ್ಡೋದಲ್ಲಿ 2003ರ ಡಿಸೆಂಬರ್‌ನಲ್ಲಿ ಟ್ರಾಮ್ ಶುರುವಾಯಿತು. ಹಳೇ ಪೇಟೆಯ ಚೆಂದದ ಕಟ್ಟಡಗಳ ಮುಂದೆ ತಂತಿ ಜೋತಾಡುವುದು ಅಲ್ಲಿನವರಿಗೆ ಬೇಡವಾಗಿತ್ತು. ಅದಕ್ಕೇ ಎರಡು ಹಳಿಗಳ ನಡುವೆ, ನೆಲದ ಮಟ್ಟಕ್ಕೆ, ಮೂರನೇ ಪಟ್ಟಿ ಕೂರಿಸಿದರು. ಅದರಲ್ಲಿ ಹರಿಯುವುದು 750 ವೋಲ್ಟ್. ಆದರೂ ಜನ ಅದನ್ನು ತುಳಿದುಕೊಂಡೇ ರಸ್ತೆ ದಾಟುತ್ತಾರೆ. ಪಟ್ಟಿ ಉದ್ದಕ್ಕೂ ಒಂದೇ ಅಲ್ಲ: 8 ಮೀಟರಿನ ತುಂಡು, ಆಮೇಲೆ 3 ಮೀಟರ್ ಕರೆಂಟ್ ಇಲ್ಲದ ಜಾಗ, ಮತ್ತೆ ತುಂಡು. ಟ್ರಾಮ್ ರೇಡಿಯೊ ಸಂಕೇತ ಕಳಿಸಿದಾಗ ಅದರ ಹೊಟ್ಟೆಯ ಕೆಳಗಿರುವ ತುಂಡಿಗೆ ಮಾತ್ರ ಕರೆಂಟ್ ಬರುತ್ತದೆ. ಊರಾಚೆಯ ದಾರಿಯಲ್ಲಿ ಮಾಮೂಲಿ ತಂತಿಯೇ ಇದೆ.

ನನ್ನದು 1:87 ಅಳತೆ. ತುಂಡು 92 ಮಿಲಿಮೀಟರ್, ಖಾಲಿ ಜಾಗ 35. ಕರೆಂಟ್ 12 ವೋಲ್ಟ್. ರೇಡಿಯೊ ಬದಲು ಟ್ರಾಮಿನಡಿ ಎರಡು ಅಯಸ್ಕಾಂತ, ಪ್ರತಿ ಖಾಲಿ ಜಾಗದ ನಡುಮಧ್ಯೆ ಒಂದು ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಸಾಧನ. ಮುಂದಿನ ಅಯಸ್ಕಾಂತ ದಾಟಿದರೆ ಮುಂದಿನ ತುಂಡು ಆನ್, ಹಿಂದಿನದು ದಾಟಿದರೆ ಹಿಂದಿನ ತುಂಡು ಆಫ್. ಆಫ್ ಆದ ತುಂಡನ್ನು ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್) ನೇರ ಹಳಿಗೇ, ಅಂದರೆ ಸೊನ್ನೆ ವೋಲ್ಟ್‌ಗೆ, ಸೇರಿಸುತ್ತದೆ. ಸುಮ್ನೆ ಕರೆಂಟ್ ತಪ್ಪಿಸಿದರೆ ಸಾಲದು, ಇದು ಬೇಕೇ ಬೇಕು ಅನ್ನೋದು ನನ್ನ ಹಟ.

ಟ್ರಾಮಿನಡಿ ಪಟ್ಟಿಗೆ ತಾಗಿ ಕರೆಂಟ್ ಎಳೆಯುವ ಶೂ ಎರಡಿವೆ. ಮೊದಲು ಅವುಗಳ ನಡುವೆ 30 ಮಿಲಿಮೀಟರ್ ಬಿಟ್ಟಿದ್ದೆ. ಎರಡೂ ಒಟ್ಟಿಗೆ ಖಾಲಿ ಜಾಗಕ್ಕೆ ಬಿದ್ದು ಗಾಡಿ ನಿಲ್ಲುತ್ತಿತ್ತು. 40 ಮಾಡಿದೆ, ಅದು ಸರಿಹೋಯ್ತು.

ಫ್ಯೂಸ್ ಮಾತ್ರ ಹೋಗ್ತಾನೇ ಇತ್ತು. ನಿನ್ನೆ ರಾತ್ರಿ ಟ್ರಾಮನ್ನು ಬೆರಳಲ್ಲಿ ಒಂದೊಂದೇ ಮಿಲಿಮೀಟರ್ ತಳ್ಳಿ ನೋಡಿದೆ. ರಿಲೇ ಟಿಕ್ ಅಂದಾಗ ಹಿಂದಿನ ಶೂ ಇನ್ನೂ 8 ಮಿಲಿಮೀಟರ್ ಹಳೇ ತುಂಡಿನ ಮೇಲೇ ಇತ್ತು! ಹಿಂದಿನ ಅಯಸ್ಕಾಂತವನ್ನು ನಾನು ಶೂಗಿಂತ ಮುಂದೆ ಅಂಟಿಸಿದ್ದೆ. ಮುಂದಿನ ಶೂನಿಂದ ಬಂದ 12 ವೋಲ್ಟ್, ಹಿಂದಿನ ಶೂ ಮೂಲಕ ನೇರ ಹಳಿಗೆ ಇಳಿಯುತ್ತಿತ್ತು. ಶಾರ್ಟ್ ಆಗದೆ ಇನ್ನೇನು, ಅಲ್ವಾ?

ಅಯಸ್ಕಾಂತ ಕಿತ್ತು ಶೂ ಹಿಂದಕ್ಕೆ ಅಂಟಿಸಿದೆ. ಪ್ರತಿ ಶೂಗೂ ಒಂದೊಂದು ಡಯೋಡ್ ಬೆಸುಗೆ ಹಾಕಿದೆ, ಕರೆಂಟ್ ವಾಪಸ್ ಪಟ್ಟಿಗೆ ಹರಿಯದಂತೆ.

ಆಮೇಲೆ ಮಲ್ಟಿಮೀಟರಿನ ಕಡ್ಡಿಯನ್ನು ಮೂರನೇ ತುಂಡಿಗೆ ಒತ್ತಿ ಹಿಡಿದೆ. ಸೊನ್ನೆ. ಟ್ರಾಮ್ ಬಂತು, 11.8. ಹೋಯ್ತು, ಮತ್ತೆ ಸೊನ್ನೆ. ಹತ್ತು ಸಲ ಓಡಿಸಿದೆ, ಹತ್ತೂ ಸಲ ಹಾಗೇ.

ಮುಂದಿನ ವಾರ ನೀರು ಚಿಮುಕಿಸಿ ನೋಡಬೇಕು. ಬೋರ್ಡೋದಲ್ಲೂ ಮೊದಲ ವರ್ಷಗಳಲ್ಲಿ ಈ ವ್ಯವಸ್ಥೆ ಆಗಾಗ ಕೈಕೊಟ್ಟಿತ್ತು. ರಸ್ತೆಯಡಿಯ ಪೆಟ್ಟಿಗೆಗಳಿಗೆ ನೀರು ನುಗ್ಗಿದ್ದೂ ಅದಕ್ಕೊಂದು ಕಾರಣ. ನನ್ನ ಸೆನ್ಸರ್‌ಗಳ ಮೇಲೆ ಈಗ ಇರುವುದು ಬರೀ ಪ್ಲಾಸ್ಟರ್.