ಲಾನ್ ಮಣ್ಣಿನ ಡೈರಿ: ಒಂದೇ ಅಂಗಳ, ಎರಡು ಮಣ್ಣು

ವಾರ 1

ಮನೆ ಮುಂದಿನ ಲಾನ್ 60 ಚದರ ಮೀಟರ್. ಗೋಡೆ ಪಕ್ಕದ 15 ಚದರ ಮೀಟರ್ ಪಟ್ಟಿ ವರ್ಷವಿಡೀ ಹಳದಿ. ಉಳಿದ 45 ಚದರ ಮೀಟರ್ ಹಸಿರೇ, ಆದರೆ ತೆಳು. ನಡೆದಾಡುವ ಕಡೆ ಹುಲ್ಲಿನ ನಡುವೆ ಮಣ್ಣು ಕಾಣುತ್ತದೆ. ಮೂರು ವರ್ಷದಿಂದ ಯಾರು ಏನು ಹೇಳಿದರೋ ಅದನ್ನೆಲ್ಲ ಹಾಕಿದ್ದೇನೆ. ಯೂರಿಯಾ, ಮಿಶ್ರ ಗೊಬ್ಬರ, ಸೌದೆ ಬೂದಿ. ಹಾಕಿದ ಹದಿನೈದು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಮೊದಲಿನ ಹಾಗೇ.

ಈ ಸಲ ಸುಣ್ಣ ಹಾಕಿ ನೋಡಿ ಅಂದರು ಒಬ್ಬರು. ಚೀಲವೂ ಮನೆಗೆ ಬಂತು. ಬಿಚ್ಚಲು ಹೋದಾಗ ಕೈ ತಡೆಯಿತು. ಮಣ್ಣಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತೇ ಇಲ್ಲದೆ ಇನ್ನೆಷ್ಟು ದಿನ ಸುರಿಯೋದು? ಚೀಲವನ್ನು ಹಾಗೇ ಎತ್ತಿಟ್ಟೆ. ಮೊದಲು ಪರೀಕ್ಷೆ, ಆಮೇಲೆ ಮಿಕ್ಕಿದ್ದು.

ಸಂಜೆ ನೀರು ಹಾಯಿಸಿ, ಮರುದಿನ ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಲಾನ್ ಪೂರ್ತಿ ಚುಚ್ಚುತ್ತಾ ಹೋದೆ. ಮಣ್ಣು ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಬೇಲಿ ಹತ್ತಿರ 15 ಸೆಂ.ಮೀ. ಸಲೀಸಾಗಿ ಇಳಿಯಿತು. ನಡೆದಾಡುವ ಕಡೆ 4 ಸೆಂ.ಮೀ.ಗೆ ನಿಂತಿತು. ಗೋಡೆ ಪಕ್ಕ ಒಂದೊಂದು ಸಲ ಪೂರ್ತಿ ಇಳಿಯುತ್ತದೆ, ಒಂದೊಂದು ಸಲ ಏನಕ್ಕೋ ಟಕ್ ಅಂತ ತಾಗುತ್ತದೆ. ಕಲ್ಲಿರಬೇಕು ಅಂದುಕೊಂಡೆ. ಕಾಗದದ ಮೇಲೆ ಅಂಗಳದ ನಕ್ಷೆ ಬರೆದು ಎಲ್ಲವನ್ನೂ ಗುರುತು ಹಾಕಿಟ್ಟೆ.

ವಾರ 2

ಮಣ್ಣು ತೆಗೆಯುವುದರಲ್ಲಿ ತಪ್ಪಿದರೆ ಲ್ಯಾಬ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಇದಕ್ಕೆ ಅರ್ಧ ದಿನ ಕೊಟ್ಟೆ.

ಇಡೀ ಲಾನ್‌ಗೆ ಒಂದೇ ಪೊಟ್ಟಣ ಸಾಕು ಅನ್ನುವವರಿದ್ದಾರೆ. ನನ್ನ ಅಂಗಳದಲ್ಲಿ ಎರಡು ಕಡೆ ಹುಲ್ಲು ಎರಡು ಥರ ಇದೆ. ಅಂದಮೇಲೆ ಎರಡನ್ನೂ ಕಲಸಿ ಕಳಿಸಿದರೆ ಎರಡೂ ಕಡೆಗೆ ಹೊಂದದ ಒಂದು ಸರಾಸರಿ ಬರುತ್ತದೆ, ಅಷ್ಟೇ. ಅದಕ್ಕೇ ಗೋಡೆ ಪಟ್ಟಿಗೆ ಒಂದು, ನಡುವಿನ ಭಾಗಕ್ಕೆ ಒಂದು, ಹೀಗೆ ಎರಡು ಪೊಟ್ಟಣ.

ಪ್ರತಿ ಭಾಗದಲ್ಲೂ ಅಂಕುಡೊಂಕಾಗಿ ನಡೆದು ಹತ್ತು ಜಾಗ ಆರಿಸಿಕೊಂಡೆ. ಪ್ರತಿ ಜಾಗದಲ್ಲೂ ಹುಲ್ಲು, ಬೇರಿನ ಮೆತ್ತೆ ಸರಿಸಿ, ಒಂದು ಕಡೆ ಇಳಿಜಾರಾಗಿ 10 ಸೆಂ.ಮೀ. ಆಳದ ಕುಳಿ ತೆಗೆದು, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಎರಡು ಬೆರಳು ದಪ್ಪದ ಹೋಳು ಕೊಯ್ದೆ. ಬಕೆಟ್ ಪ್ಲಾಸ್ಟಿಕ್‌ದೇ ಇರಬೇಕು. ಸತುವಿನ ಲೇಪ ಇರುವ ತಗಡಿನ ಬಕೆಟ್ ಆದರೆ ಸತುವಿನ ಲೆಕ್ಕ ಕೆಡುತ್ತದೆ. ಹತ್ತೂ ಹೋಳನ್ನು ಪುಡಿ ಮಾಡಿ ಕಲಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತೆಗೆದುಹಾಕಿದೆ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ. ಆಮೇಲೆ ನೆರಳಲ್ಲಿ ಒಣಗಿಸಿದೆ. ಕೊನೆಯ ಸಲ ಗೊಬ್ಬರ ಹಾಕಿ ಮೂರು ತಿಂಗಳಾಗಿತ್ತು, ಅದು ಒಳ್ಳೆಯದೇ ಆಯಿತು. ಹೊಸದಾಗಿ ಗೊಬ್ಬರ ಬಿದ್ದ ಮಣ್ಣು ನಿಜ ಹೇಳುವುದಿಲ್ಲ.

ವಾರ 3

ವರದಿ ಬರುವವರೆಗೆ ಮನೆಯಲ್ಲೇ ಆಗುವ ಪರೀಕ್ಷೆಗಳು.

ಗಾಜಿನ ಜಾಡಿಯಲ್ಲಿ ಮಣ್ಣು, ನೀರು, ಚೂರು ಪಾತ್ರೆ ತೊಳೆಯುವ ದ್ರವ ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ ಇಟ್ಟೆ. ಒಂದು ನಿಮಿಷದೊಳಗೆ ಮರಳು ತಳಕ್ಕೆ ಕೂತಿತು. ಎರಡು ಗಂಟೆಗೆ ಅದರ ಮೇಲೆ ಹೂಳು. ಜೇಡಿಯ ಕಣ ಪೂರ್ತಿ ಇಳಿಯಲು ಎರಡು ದಿನವೇ ಬೇಕಾಯಿತು. ನಡುವಿನ ಭಾಗದ ಜಾಡಿಯಲ್ಲಿ 10 ಸೆಂ.ಮೀ. ಮಣ್ಣಿಗೆ ಮರಳು 5, ಹೂಳು 2, ಜೇಡಿ 3. ಅಂದರೆ ಮರಳು ಬೆರೆತ ಜೇಡಿ ಗೋಡು. ಇದು ಕೆಟ್ಟ ಮಣ್ಣೇನಲ್ಲ. ಆದರೆ ಒದ್ದೆ ಇದ್ದಾಗ ತುಳಿದರೆ ಗಟ್ಟಿಯಾಗುವ ಮಣ್ಣು.

ಆಮೇಲೆ ವಿನೆಗರ್. ಒಣ ಮಣ್ಣಿನ ಮೇಲೆ ನಾಲ್ಕು ಹನಿ ಬಿಟ್ಟೆ. ನಡುವಿನ ಮಣ್ಣಿನಲ್ಲಿ ಏನೂ ಆಗಲಿಲ್ಲ. ಗೋಡೆ ಪಕ್ಕದ ಮಣ್ಣು ಬುಸ್ ಅಂತ ನೊರೆ ಬಿಟ್ಟಿತು. ಅಲ್ಲಿ ಸುಣ್ಣ ಆಗಲೇ ಇದೆ! ಎತ್ತಿಟ್ಟಿದ್ದ ಚೀಲ ನೆನಪಾಗಿ ಎದೆ ಧಸಕ್ಕೆಂದಿತು.

ಆ ಸಂಜೆ ಅಮ್ಮನಿಗೆ ಇದನ್ನು ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ, "ಮನೆ ಕಟ್ಟುವಾಗ ಗಾರೆ ಕಲಸಿದ್ದು ಅಲ್ಲೇ ಅಲ್ವೇನೋ?" ಅಂದರು. ಮಾರನೇ ದಿನ ಗೋಡೆ ಪಕ್ಕ ಒಂದಡಿ ಅಗೆದೆ. ಇಟ್ಟಿಗೆ ಚೂರು, ಸಿಮೆಂಟ್ ಹೆಕ್ಕಳೆ, ಮುಷ್ಟಿಗಾತ್ರದ ಗಾರೆ ಉಂಡೆ. ಸ್ಕ್ರೂಡ್ರೈವರ್‌ಗೆ ತಾಗಿದ್ದು ಇವೇ.

ವಾರ 4

ವರದಿ ಬಂತು. ಪಿಎಚ್ ಅಂದರೆ ಮಣ್ಣಿನ ಆಮ್ಲ-ಕ್ಷಾರದ ಅಳತೆ: 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ. ಗೋಡೆ ಪಟ್ಟಿಯ ಪಿಎಚ್ 8.1. ನಡುವಿನದು 5.6. ಲಾನ್ ಹುಲ್ಲಿಗೆ 6ರಿಂದ 7 ಹಿತ. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು. ಹಾಗೆ ನೋಡಿದರೆ ಎರಡು ಹೆಜ್ಜೆ ಅಂತರದ ಈ ಎರಡು ಮಣ್ಣುಗಳ ಆಮ್ಲತೆಯಲ್ಲಿ 300 ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇದೆ. ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿದ್ದರೆ ಇದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಸಾವಯವ ಇಂಗಾಲ ಗೋಡೆ ಪಕ್ಕ 0.45%, ನಡುವೆ 0.6%. ಇದನ್ನು 1.72ರಿಂದ ಗುಣಿಸಿದರೆ ಒಟ್ಟು ಸಾವಯವ ಅಂಶ ಸಿಗುತ್ತದೆ. ನಡುವಿನ ಮಣ್ಣಲ್ಲಿ ಹೆಚ್ಚುಕಡಿಮೆ 1%, ಅಷ್ಟೇ. ರಂಜಕ ಎರಡೂ ಕಡೆ ಬೇಕಾದಷ್ಟಿದೆ, ಮೂರು ವರ್ಷದ ಮಿಶ್ರ ಗೊಬ್ಬರದ ಫಲ. ಇನ್ನು ಅದನ್ನು ಹಾಕುವುದಿಲ್ಲ. ಪೊಟ್ಯಾಷ್, ಮೆಗ್ನೀಸಿಯಂ ಎರಡೂ ನಡುವಿನ ಭಾಗದಲ್ಲಿ ಕಡಿಮೆ. ಲವಣಾಂಶ, ಸೋಡಿಯಂ ಎರಡೂ ಕಡೆ ಮಿತಿಯೊಳಗಿವೆ. ಹಾಗಾಗಿ ಜಿಪ್ಸಂ ಬೇಡ. ಜಿಪ್ಸಂ ಪಿಎಚ್ ಬದಲಿಸುವ ವಸ್ತುವಲ್ಲ, ಸೋಡಿಯಂ ಜಾಸ್ತಿ ಇರುವ ಮಣ್ಣಿಗೆ ಅದು ಬೇಕು.

ಗೋಡೆ ಪಕ್ಕದ ಹಳದಿಗೆ ಕಾರಣ ಕಬ್ಬಿಣ ಇರಬಹುದು ಅನ್ನಿಸಿತು. ಪಿಎಚ್ 7.5 ದಾಟಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದು ಕಷ್ಟ. ಹುಲ್ಲನ್ನು ಹತ್ತಿರದಿಂದ ನೋಡಿದೆ. ಹೊಸ ಎಲೆಗಳೇ ಹಳದಿ, ಅದರ ಗೆರೆಗಳು ಮಾತ್ರ ಹಸಿರು. ಸಾರಜನಕದ ಕೊರತೆಯಾದರೆ ಮೊದಲು ಹಳೆಯ ಎಲೆ ಹಳದಿಯಾಗಬೇಕು. ಮೂರು ವರ್ಷ ಇದನ್ನು ಗಮನಿಸದೆ ಯೂರಿಯಾ ಹಾಕಿದ್ದೆ. ಬೂದಿಯಂತೂ ಪಿಎಚ್ ಏರಿಸುವ ವಸ್ತು. ಅದನ್ನು ಜಾಸ್ತಿ ಚೆಲ್ಲಿದ್ದು ಈ ಪಟ್ಟಿಗೇ.

ಸುಮ್ನೆ ಊಹಿಸುವುದು ಬೇಡ ಅಂತ ಒಂದು ಚಿಕ್ಕ ಪ್ರಯೋಗ ಮಾಡಿದೆ. ಒಂದು ಚದರ ಮೀಟರ್‌ಗೆ ಯೂರಿಯಾ ನೀರು. ಪಕ್ಕದ ಒಂದು ಚದರ ಮೀಟರ್‌ಗೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಣೆ.

ವಾರ 5

ಕಬ್ಬಿಣ ಸಿಂಪಡಿಸಿದ ಚೌಕ ಐದನೇ ದಿನಕ್ಕೆ ಕಡು ಹಸಿರು. ಯೂರಿಯಾ ಚೌಕ ಹಾಗೇ ಹಳದಿ. ಇಷ್ಟು ಸ್ಪಷ್ಟವಾದ ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮತ್ತೆ ಮತ್ತೆ ಹೋಗಿ ನೋಡಿ ಬಂದೆ. ಒಂದು ಎಚ್ಚರಿಕೆ: ಹನಿ ಬಿದ್ದ ಕಡೆಯೆಲ್ಲ ಹಾಸುಗಲ್ಲಿನ ಮೇಲೆ ತುಕ್ಕಿನ ಕಲೆ ಕೂತಿದೆ. ಉಜ್ಜಿದರೂ ಹೋಗಿಲ್ಲ. ಕಲ್ಲಿದ್ದರೆ ಮೊದಲು ಮುಚ್ಚಿಕೊಳ್ಳಿ.

ಸಿಂಪಡಣೆಯ ಹಸಿರು ಕೆಲವು ವಾರದ್ದು. ಹೊಸ ಎಲೆ ಬಂದಂತೆ ಮತ್ತೆ ಹಳದಿ. ಹಾಗಾದರೆ ಗಂಧಕ ಹಾಕಿ ಪಿಎಚ್ ಇಳಿಸಬಹುದಾ? ಲೆಕ್ಕ ಹಾಕಿದೆ. ವರದಿಯ ಪ್ರಕಾರ ಈ ಪಟ್ಟಿಯಲ್ಲಿ ಸುಣ್ಣದ ಅಂಶ 2%. ಒಂದು ಚದರ ಮೀಟರ್‌ನ ಮೇಲಿನ 10 ಸೆಂ.ಮೀ. ಮಣ್ಣು ಸುಮಾರು 130 ಕಿಲೋ ತೂಗುತ್ತದೆ, ಅದರಲ್ಲಿ ಸುಣ್ಣ 2.6 ಕಿಲೋ. ಒಂದು ಕಿಲೋ ಸುಣ್ಣ ಕರಗಿಸಲು 320 ಗ್ರಾಂ ಗಂಧಕ ಬೇಕು. ಅಂದರೆ ಚದರ ಮೀಟರ್‌ಗೆ 800 ಗ್ರಾಂಗೂ ಜಾಸ್ತಿ. ಆದರೆ ಬೆಳೆದ ಹುಲ್ಲಿನ ಮೇಲೆ ಒಂದು ಸಲಕ್ಕೆ 25 ಗ್ರಾಂ ದಾಟಿದರೆ ಸುಡುವ ಭಯ. ಮೂವತ್ತಕ್ಕೂ ಜಾಸ್ತಿ ಸಲ ಹಾಕಬೇಕು! ಮೇಲಾಗಿ ಗಾರೆ ಉಂಡೆ ಅಲ್ಲೇ ಇರುವವರೆಗೆ ಸುಣ್ಣ ಬಿಡುತ್ತಲೇ ಇರುತ್ತದೆ.

ಅಗೆದು ತೆಗೆಯುವುದೇ ಸರಿ ಎಂದು ತೀರ್ಮಾನಿಸಿದೆ.

ವಾರ 6 ರಿಂದ 8

ಅಗೆತ. 15 ಚದರ ಮೀಟರ್, 20 ಸೆಂ.ಮೀ. ಆಳ. ಅಂದರೆ 3 ಘನ ಮೀಟರ್ ಮಣ್ಣು. ದಿನಕ್ಕೆ ಒಂದು ಗಂಟೆ ಪಿಕಾಸಿ, ಒಂದು ಗಂಟೆ ಜರಡಿ. ಒಂದು ಸೆಂ.ಮೀ. ಕಣ್ಣಿನ ಜರಡಿಯಲ್ಲಿ 31 ಬಕೆಟ್ ಕಟ್ಟಡದ ಕಸ ಸಿಕ್ಕಿತು. ಜರಡಿ ಹಿಡಿದ ಮಣ್ಣಿಗೆ ಬೇಲಿ ಪಕ್ಕದ ಮಣ್ಣು, ಮೂರು ಸೆಂ.ಮೀ. ದಪ್ಪದಷ್ಟು ಕಾಂಪೋಸ್ಟ್ ಸೇರಿಸಿ ವಾಪಸ್ ತುಂಬಿದೆ. ಬೇಲಿ ಪಕ್ಕದಿಂದಲೇ ಬೇರು ಸಮೇತ ಹುಲ್ಲಿನ ತುಂಡು ತಂದು ಅಂಗೈ ಅಗಲದ ಅಂತರಕ್ಕೆ ನೆಟ್ಟೆ. ಸಣ್ಣ ಗಾರೆ ಪುಡಿ ಒಳಗೇ ಉಳಿದಿದೆ, ಅದನ್ನು ತೆಗೆಯುವ ದಾರಿ ಇಲ್ಲ.

ವಾರ 9

ನಡುವಿನ ಭಾಗದ ಸರದಿ. ಎತ್ತಿಟ್ಟಿದ್ದ ಚೀಲದಲ್ಲಿದ್ದದ್ದು ಸಾದಾ ಸುಣ್ಣ. ಇಲ್ಲಿ ಮೆಗ್ನೀಸಿಯಮ್ಮೂ ಕಡಿಮೆ ಇರುವುದರಿಂದ ಬೇಕಾದ್ದು ಡಾಲೊಮೈಟ್, ಅಂದರೆ ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಕಲ್ಲಿನ ಪುಡಿ. ಚದರ ಮೀಟರ್‌ಗೆ ಒಟ್ಟು 300 ಗ್ರಾಂ ಎಂದು ವರದಿಯಲ್ಲಿ ಶಿಫಾರಸು ಇತ್ತು. ಈ ಪ್ರಮಾಣ ಪಿಎಚ್ ಒಂದನ್ನೇ ನೋಡಿ ಹೇಳುವಂಥದ್ದಲ್ಲ. ಜೇಡಿ ಜಾಸ್ತಿ ಇರುವ ಮಣ್ಣು ಆಮ್ಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಮರಳು ಮಣ್ಣಿಗಿಂತ ಜಾಸ್ತಿ ಸುಣ್ಣ ಬೇಕು. ಹುಲ್ಲಿನ ಮೇಲೆ ಒಂದೇ ಸಲಕ್ಕೆ ಅಷ್ಟು ಹಾಕಬಾರದು ಅಂತ ಅರ್ಧ ಮಾಡಿದೆ. ಈಗ 150 ಗ್ರಾಂ, ಕೆಲವು ತಿಂಗಳ ನಂತರ ಇನ್ನೊಂದು 150.

ಆದರೆ ಮೊದಲು ಗಟ್ಟಿ ಮಣ್ಣಿಗೆ ತೂತು. ಕೊಳವೆಯಂಥ ಹಲ್ಲಿರುವ ಕೈ ಉಪಕರಣದಿಂದ 7 ಸೆಂ.ಮೀ. ಆಳದ ಮಣ್ಣಿನ ತುಣುಕುಗಳನ್ನು ಹೊರಗೆಳೆದೆ. ಬರೀ ಮೊಳೆಯಿಂದ ಚುಚ್ಚಿದರೆ ತೂತಿನ ಸುತ್ತಲಿನ ಮಣ್ಣು ಇನ್ನೂ ಒತ್ತಿಕೊಳ್ಳುತ್ತದೆ. ಹೊರಬಂದ ತುಣುಕುಗಳನ್ನು ಅಲ್ಲೇ ಬಿಟ್ಟೆ, ಎರಡು ಮೂರು ವಾರಕ್ಕೆ ಪುಡಿಯಾಗುತ್ತವೆ. ಆಮೇಲೆ 6.75 ಕಿಲೋ ಡಾಲೊಮೈಟ್, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಅದರ ಮೇಲೆ 6 ಮಿ.ಮೀ. ಕಾಂಪೋಸ್ಟ್. 45 ಚದರ ಮೀಟರ್‌ಗೆ 270 ಲೀಟರ್, ನನ್ನ ಬಕೆಟ್‌ನಲ್ಲಿ 18. ಹರಡಿದ ಮೇಲೆ ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿಹೋದರೆ ಕೊಳೆಯುತ್ತದೆ.

ಕಾಂಪೋಸ್ಟ್ ಕಳಿತಿದೆಯಾ ಅಂತ ನೋಡಲು ಒದ್ದೆ ಹಿಡಿಯಷ್ಟನ್ನು ಕವರ್‌ನಲ್ಲಿ ಮೂರು ದಿನ ಕಟ್ಟಿಟ್ಟಿದ್ದೆ. ಬಿಚ್ಚಿದಾಗ ಮಣ್ಣಿನ ವಾಸನೆ ಬಂತು. ಹುಳಿ ವಾಸನೆಯೋ ಘಾಟೋ ಬಂದಿದ್ದರೆ ಹಾಕುತ್ತಿರಲಿಲ್ಲ.

ಗಟ್ಟಿ ಮಣ್ಣಿಗೆ ಮರಳು ಸೇರಿಸಿ ಅಂತ ಸಲಹೆ ಕೊಟ್ಟವರೂ ಇದ್ದರು. ಇದನ್ನು ಮಾತ್ರ ಯಾರೂ ಮಾಡಬೇಡಿ. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಅದು ಸಡಿಲ ಆಗುವ ಬದಲು ಇಟ್ಟಿಗೆಯ ಹಾಗೆ ಕೂರುತ್ತದೆ. ಇನ್ನೊಂದು ವಿಷಯ: ಸುಣ್ಣ, ಯೂರಿಯಾ ಎರಡನ್ನೂ ಒಟ್ಟಿಗೆ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ತಿಂಗಳು 4

ಬರೆಯುವಂಥದ್ದು ಹೆಚ್ಚೇನಿಲ್ಲ. ಪೊಟ್ಯಾಷ್ ಒಂದು ಕಂತು ಹಾಕಿದೆ. ಹುಲ್ಲು ಕತ್ತರಿಸುವಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಿಲ್ಲ. ಕತ್ತರಿಸಿದ್ದನ್ನು ಅಲ್ಲೇ ಬಿಡುತ್ತಿದ್ದೇನೆ, ಅದರ ಸಾರಜನಕ ಮಣ್ಣಿಗೇ ಸೇರಲಿ.

ತಿಂಗಳು 7

ನೀರು ಇಂಗುವ ಪರೀಕ್ಷೆ. 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ಮಣ್ಣಿಗೆ ಒತ್ತಿ 450 ಮಿ.ಲೀ. ನೀರು ಹಾಕಿದರೆ ಅದು 2.5 ಸೆಂ.ಮೀ. ಮಳೆಗೆ ಸಮ. ಒಂದು ಸಲ ಹಾಕಿ ಇಂಗಲು ಬಿಟ್ಟು, ಎರಡನೇ ಸಲದ ಸಮಯ ನೋಡಬೇಕು. ನಡೆದಾಡುವ ಕಡೆ ವಾರ 3ರಲ್ಲಿ 52 ನಿಮಿಷ ಹಿಡಿದಿತ್ತು. ಈಗ 19. ಸ್ಕ್ರೂಡ್ರೈವರ್ 9 ಸೆಂ.ಮೀ. ಇಳಿಯಿತು. ಒಂದು ಸಲಿಕೆ ಮಣ್ಣು ಎತ್ತಿದರೆ ಆರು ಎರೆಹುಳು, ಮೊದಲು ಒಂದೂ ಇರಲಿಲ್ಲ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದೇ.

ಎರಡನೇ ಕಂತಿನ ಡಾಲೊಮೈಟ್, ಇನ್ನೊಮ್ಮೆ 6 ಮಿ.ಮೀ. ಕಾಂಪೋಸ್ಟ್ ಹಾಕಿದೆ.

ತಿಂಗಳು 12

ಮರುಪರೀಕ್ಷೆ. ಅದೇ ಲ್ಯಾಬ್, ಅದೇ ಕಾಲ, ಅದೇ ಆಳ. ಇವುಗಳಲ್ಲಿ ಒಂದು ಬದಲಾದರೂ ಎರಡು ವರದಿಗಳನ್ನು ಹೋಲಿಸಲು ಬರುವುದಿಲ್ಲ.

ನಡುವಿನ ಪಿಎಚ್ 5.6ರಿಂದ 6.1ಕ್ಕೆ ಬಂದಿದೆ. ಕುತೂಹಲಕ್ಕೆ ಮೇಲಿನ 5 ಸೆಂ.ಮೀ., ಕೆಳಗಿನ 5 ಸೆಂ.ಮೀ. ಬೇರೆ ಬೇರೆ ಕೊಟ್ಟಿದ್ದೆ. ಮೇಲೆ 6.4, ಕೆಳಗೆ 5.8. ಸುಣ್ಣ ಎಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ ಅನ್ನುವುದನ್ನು ಓದಿದ್ದೆ, ಈಗ ನಮ್ಮ ಮಣ್ಣಲ್ಲೇ ನೋಡಿದೆ. ಹಾಗಾಗಿ ಈ ವರ್ಷ ಸುಣ್ಣ ಹಾಕುವುದಿಲ್ಲ. ಹಾಕಿದ್ದು ಇನ್ನೂ ಕೆಲಸ ಮಾಡುತ್ತಿದೆ.

ಸಾವಯವ ಇಂಗಾಲ 0.6ರಿಂದ 0.72% ಆಗಿದೆ. ಇದನ್ನು ನಾನು ದೊಡ್ಡದು ಮಾಡುತ್ತಿಲ್ಲ. ಮಣ್ಣು ತೆಗೆದ ಜಾಗ ಅಲ್ಲಿಂದಿಲ್ಲಿಗೆ ಬದಲಾದರೂ ಅಷ್ಟು ವ್ಯತ್ಯಾಸ ಬರಬಹುದು. ಇನ್ನೆರಡು ವರ್ಷ ಇದೇ ದಿಕ್ಕಿನಲ್ಲಿ ಹೋದರೆ ನಂಬುತ್ತೇನೆ.

ಗೋಡೆ ಪಟ್ಟಿ 8.1ರಿಂದ 7.6. ಅಗೆದು ಜರಡಿ ಹಿಡಿದೂ ಇಷ್ಟೇ. ಆದರೆ ಹುಲ್ಲು ಹಸಿರಾಗಿದೆ, ಪಟ್ಟಿ ಪೂರ್ತಿ ಕೂಡಿಕೊಂಡಿದೆ, ಏಳು ತಿಂಗಳಿಂದ ಕಬ್ಬಿಣ ಸಿಂಪಡಿಸಿಲ್ಲ. ಹಳದಿ ಉಳಿದಿರುವುದು ಚಾವಣಿ ನೀರಿನ ಪೈಪ್ ಬೀಳುವ ಮೂಲೆಯಲ್ಲಿ ಮಾತ್ರ, ಒಂದು ಚಾಪೆಯಷ್ಟು ಜಾಗ. ಅಲ್ಲಿ ನೀರು ನಿಲ್ಲುತ್ತದೆ. ಗಾರೆ ಇನ್ನೂ ಕೆಳಗಿರಬಹುದು, ಅಥವಾ ಬೇರಿಗೆ ಗಾಳಿ ಸಾಲದೆ ಇರಬಹುದು. ಮುಂದಿನ ವಾರ ಮೊದಲು ಪೈಪ್ ತಿರುಗಿಸಿ, ಆ ಮೂಲೆಯನ್ನು ಅರ್ಧ ಮೀಟರ್ ಅಗೆದು ನೋಡುತ್ತೇನೆ. ಅಲ್ಲಿನ ಮಣ್ಣಿಗೆ ಮೂರನೇ ಪೊಟ್ಟಣವನ್ನು ಈಗಲೇ ಹೆಸರು ಬರೆದು ಇಟ್ಟಿದ್ದೇನೆ.